ನಿಮ್ಮದೇ ಅನ್ನಿಸಿದ ಮೊದಲ ಒಡವೆ ಯಾವುದು? ಅಲ್ಲಿಗೆ ಹೇಗೆ ಬಂದಿರಿ?

ಬೆಳ್ಳಿಸುಕ್ಕು

ಎಲ್ಲರಿಗೂ ನಮಸ್ಕಾರ. ನಾನು ಬೆಳ್ಳಿ ಕೆಲಸಕ್ಕೆ ಕೂತು ಒಂಬತ್ತು ವರ್ಷ ಆಯಿತು. ಮೊದಲ ಐದು ವರ್ಷ ಮಾಡಿದ್ದೆಲ್ಲ ಬೇರೆಯವರ ಒಡವೆ ಅಂತ ಈಗ ಅನ್ನಿಸುತ್ತದೆ. ಕದ್ದದ್ದು ಅಂತಲ್ಲ. ಎಲ್ಲೋ ನೋಡಿದ್ದು, ಯಾರೋ ಹೇಳಿಕೊಟ್ಟಿದ್ದು, ಯಾರೋ ಕೇಳಿದ್ದು. ಕೈ ನನ್ನದು, ಒಡವೆ ನನ್ನದಲ್ಲ.

ಶುರು ಮಾಡಿದ್ದು ಮಣಿ ಮತ್ತು ತಂತಿಯಿಂದ. ಒಂದು ಇಕ್ಕಳ, ಒಂದು ಕತ್ತರಿ, ಅಷ್ಟೇ. ಆಮೇಲೆ ಗರಗಸ ಹಿಡಿದೆ. ಮೊದಲ ವಾರವೇ ಎರಡು ಡಜನ್ ಬ್ಲೇಡ್ ಮುರಿದವು. ಮುಂದಕ್ಕೆ ತಳ್ಳಬಾರದು, ಬರೀ ಮೇಲೆ ಕೆಳಗೆ ಆಡಿಸಬೇಕು, ಕತ್ತರಿಸುವ ಕೆಲಸ ಅದೇ ಮಾಡಿಕೊಳ್ಳುತ್ತದೆ ಅಂತ ಕೈಗೆ ಅರ್ಥವಾಗಲು ತಿಂಗಳೇ ಬೇಕಾಯಿತು. ಬೆಸುಗೆಗೆ ಇನ್ನೂ ಆರು ತಿಂಗಳು.

ಐದನೇ ವರ್ಷ ಒಂದು ಅಗಲದ ಬಳೆಗೆ ತಗಡು ಕಾಸುತ್ತಿದ್ದೆ. ಚಿಮಟ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ, ಜ್ವಾಲೆ ಒಂದೇ ಕಡೆ ನಿಂತುಬಿಟ್ಟಿತು. ತಲೆ ಎತ್ತುವಷ್ಟರಲ್ಲಿ ಬೆಳ್ಳಿ ಕನ್ನಡಿಯ ಹಾಗೆ ಹೊಳೆಯಿತು. ಜ್ವಾಲೆ ತೆಗೆದ ತಕ್ಷಣ ಆ ಜಾಗವೆಲ್ಲ ಸುಕ್ಕಾಯಿತು. ನೀರಲ್ಲಿ ತುಂಬ ಹೊತ್ತು ಇಟ್ಟ ಬೆರಳ ತುದಿ ಸುಕ್ಕಾಗುತ್ತದಲ್ಲ, ಹಾಗೆ. ಬಳೆ ಕೆಟ್ಟಿತು ಅಂತ ಚೂರಿನ ಡಬ್ಬಿಗೆ ಹಾಕಿದೆ.

ಎಂಟು ತಿಂಗಳಾದ ಮೇಲೆ ಚೂರುಗಳನ್ನು ಕರಗಿಸಲು ಡಬ್ಬಿ ಸುರುವಿದಾಗ ಆ ತುಂಡು ಮತ್ತೆ ಕೈಗೆ ಬಂತು. ಅದನ್ನು ಮೂಸೆಗೆ ಹಾಕಲು ಮನಸ್ಸೇ ಬರಲಿಲ್ಲ. ಅಷ್ಟು ವರ್ಷ ಮಾಡಿದ ಒಡವೆಗಳಲ್ಲಿ ಮತ್ತೆ ಮತ್ತೆ ನೋಡಬೇಕು ಅನ್ನಿಸಿದ್ದು ಅದೊಂದೇ.

ಬೇಕೆಂದೇ ಅದನ್ನು ಮಾಡಲು ಕೂತೆ. 31 ತುಂಡು ಹಾಳಾದವು. ಕೆಲವು ತೂತು ಬಿದ್ದವು, ಕೆಲವು ಕರಗಿ ಗೋಲಿಯಾದವು. 32ನೆಯದು ನಾನು ಅಂದುಕೊಂಡ ಜಾಗದಲ್ಲಿ ಸುಕ್ಕಾಯಿತು. ಇವತ್ತಿಗೂ ಅದು ನನ್ನ ಬೆರಳಲ್ಲೇ ಇದೆ.

ನಿಮ್ಮ ಕಥೆ ಕೇಳುವ ಆಸೆ. ಯಾವ ಒಡವೆಯಲ್ಲಿ ನಿಮ್ಮ ಕೈ ನಿಮಗೇ ಕಾಣಿಸಿತು? ಅದಕ್ಕೆ ಮುಂಚೆ ಏನೇನು ಮಾಡಿದ್ದಿರಿ?

ಅರಪುಡಿ

ತುಂಬ ಇಷ್ಟವಾಯಿತು. ಆದರೆ ಒಂದು ಪ್ರಶ್ನೆ. ಬೆಳ್ಳಿಯನ್ನು ಹೀಗೆ ಸುಕ್ಕು ಮಾಡುವುದು ಹೊಸದೇನಲ್ಲ, ಎಷ್ಟೋ ಜನ ಮಾಡುತ್ತಾರೆ. ಕಲಿಸುವವರೂ ಇದ್ದಾರೆ. ಹಾಗಿದ್ದ ಮೇಲೆ ಅದು ನಿಮ್ಮದು ಹೇಗಾಗುತ್ತದೆ? ಕೆಣಕಲು ಕೇಳುತ್ತಿಲ್ಲ. ನನಗೂ ಇದೇ ಗೊಂದಲ ವರ್ಷಗಳಿಂದ ಇದೆ.

ಬೆಳ್ಳಿಸುಕ್ಕು

ಸರಿಯಾದ ಪ್ರಶ್ನೆ. ವಿಧಾನ ಖಂಡಿತ ನನ್ನದಲ್ಲ. ಅದು ಹೇಗೆ ಆಗುತ್ತದೆ ಅಂತ ಮೊದಲು ಹೇಳುತ್ತೇನೆ, ಆಮೇಲೆ ನನ್ನದು ಯಾವುದು ಅಂತ.

925 ಬೆಳ್ಳಿ ಅಂದರೆ ಸಾವಿರ ಭಾಗದಲ್ಲಿ 925 ಬೆಳ್ಳಿ. ಉಳಿದ 75 ಸಾಮಾನ್ಯವಾಗಿ ತಾಮ್ರ. ಕಾಸಿದಾಗ ಮೇಲಿನ ತಾಮ್ರ ಗಾಳಿಯ ಜೊತೆ ಸೇರಿ ಕಪ್ಪಾಗುತ್ತದೆ. ಬಿಸಿ ಆಮ್ಲದ ನೀರಿಗೆ ಹಾಕಿದರೆ ಆ ಕಪ್ಪು ಬಿಟ್ಟುಹೋಗುತ್ತದೆ. ಕಾಸಿ, ಅದ್ದಿ, ತೊಳೆದು, ಮತ್ತೆ ಕಾಸಿ, ಹೀಗೆ ಐದಾರು ಸಲ ಮಾಡಿದರೆ ಮೇಲೆ ಶುದ್ಧ ಬೆಳ್ಳಿಯ ತೆಳು ಚರ್ಮ ಉಳಿಯುತ್ತದೆ. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ. ಒಳಗಿನ ಮಿಶ್ರಲೋಹ 800ರ ಆಸುಪಾಸಿನಲ್ಲೇ ಕರಗಲು ಶುರುವಾಗಿ, 900ರ ಹತ್ತಿರ ಬರುವಷ್ಟರಲ್ಲಿ ಪೂರ್ತಿ ನೀರು. ಅಂದರೆ ಒಳಗೆ ನೀರು, ಮೇಲೆ ಚರ್ಮ. ಆರುವಾಗ ಒಳಗಿನದು ಕುಗ್ಗುತ್ತದೆ, ಮೇಲಿನ ಚರ್ಮವನ್ನೂ ಎಳೆದುಕೊಳ್ಳುತ್ತದೆ. ಅದೇ ಸುಕ್ಕು. ತಾಮ್ರ ಜಾಸ್ತಿ ಇರುವ, ನೂರಕ್ಕೆ 80ರಿಂದ 83 ಭಾಗ ಬೆಳ್ಳಿಯ ಮಿಶ್ರಣದಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ.

ಇಷ್ಟು ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಹೆಚ್ಚಿನವರು ಇಡೀ ತಗಡನ್ನು ಸುಕ್ಕು ಮಾಡಿ, ಆಮೇಲೆ ಚೆನ್ನಾಗಿ ಬಂದ ಜಾಗ ನೋಡಿ ಕತ್ತರಿಸುತ್ತಾರೆ. ನನಗೆ ಅದು ಬೇಡವಾಯಿತು. ಒಂದು ಅಂಚು ನೇರವಾಗಿ, ನುಣುಪಾಗಿ, ಕನ್ನಡಿ ಥರ ಇರಬೇಕು. ಅಲ್ಲಿಂದ ಎರಡು ಮಿಲಿಮೀಟರು ಒಳಗೆ ಸುಕ್ಕು ಶುರುವಾಗಬೇಕು. ಆ ಗಡಿಯಲ್ಲಿ ಜ್ವಾಲೆ ನಿಲ್ಲಿಸುವುದು ಹೇಗೆ ಅನ್ನುವುದಕ್ಕೇ 31 ತುಂಡು ಹೋಗಿದ್ದು. ನನ್ನದು ಅಂತ ನಾನು ಹೇಳುವುದು ಆ ಎರಡು ಮಿಲಿಮೀಟರನ್ನು.

ಹಳೇಸುತ್ತಿಗೆ

ಮೂವತ್ತು ವರ್ಷ ಮೀರಿ ಇದೇ ಕೆಲಸದಲ್ಲಿ ಇದ್ದೇನೆ. ಬರೆದದ್ದು ಚೆನ್ನಾಗಿದೆ. ಆದರೆ ಹೊಸಬರು ಇದನ್ನು ಓದಿ, ಒಂದು ದಿನ ಏನೋ ಕೆಡುತ್ತದೆ, ಅದೇ ನಮ್ಮ ಶೈಲಿಯಾಗುತ್ತದೆ ಅಂತ ಕಾಯುತ್ತಾ ಕೂರಬಾರದು. ಬೆಳ್ಳಿಸುಕ್ಕು ಅವರು ಆ ತುಂಡನ್ನು ಗುರುತಿಸಿದ್ದು ಐದು ವರ್ಷ ಸರಿಯಾದ ಕೆಲಸ ಮಾಡಿದ್ದಕ್ಕೆ. ಮೊದಲ ತಿಂಗಳಲ್ಲೇ ಹಾಗಾಗಿದ್ದರೆ ಅದು ಬರೀ ಸುಟ್ಟ ಬಳೆ.

ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲು ಕೊಡುವುದು ಒಂದೇ ಕೆಲಸ. ಏನೂ ಅಲಂಕಾರ ಇಲ್ಲದ ಉಂಗುರ. ಹನ್ನೆರಡು ಮಾಡಬೇಕು, ಎಲ್ಲ ಒಂದೇ ಅಳತೆ.

ಲೆಕ್ಕ ಹೀಗೆ. ಒಳವ್ಯಾಸಕ್ಕೆ ತಗಡಿನ ದಪ್ಪ ಕೂಡಿಸಿ, 3.14ರಿಂದ ಗುಣಿಸಿ. ಒಳವ್ಯಾಸ 17 ಮಿಲಿಮೀಟರು, ದಪ್ಪ 1.5 ಆದರೆ 18.5 ಗುಣಿಸು 3.14, ಅಂದರೆ ಸುಮಾರು 58.1. ದಪ್ಪ ಕೂಡಿಸಲು ಮರೆತರೆ ಉಂಗುರ ಬೆರಳಿಗೆ ಇಳಿಯುವುದಿಲ್ಲ. ಕತ್ತರಿಸಿ, ಬಗ್ಗಿಸಿ, ಎರಡು ತುದಿ ಒಂದಕ್ಕೊಂದು ತಾಗಿಸಿ. ಆಮೇಲೆ ಬೆಳಕಿಗೆ ಎತ್ತಿ ಹಿಡಿಯಿರಿ. ಸಂದಿನಲ್ಲಿ ಕೂದಲೆಳೆ ಬೆಳಕು ಕಂಡರೂ ಮತ್ತೆ ಗರಗಸ ಹಾಕಿ ಸರಿ ಮಾಡಿ. ಬೆಸುಗೆ ಸಂದು ತುಂಬುವ ಮಣ್ಣಲ್ಲ. ತಾಗಿಕೊಂಡ ಎರಡು ಗೋಡೆಗಳ ನಡುವೆ ಮಾತ್ರ ಅದು ಹರಿಯುತ್ತದೆ.

ಹನ್ನೆರಡನೇ ಉಂಗುರ ಮಾಡುವಾಗ ಒಬ್ಬೊಬ್ಬರ ಉಂಗುರ ಒಂದೊಂದು ಥರ ಇರುತ್ತದೆ. ಅಳತೆ ಒಂದೇ, ಸಾಮಾನು ಒಂದೇ. ಒಬ್ಬರು ಅಂಚನ್ನು ಚೂಪಾಗಿ ಬಿಡುತ್ತಾರೆ, ಒಬ್ಬರು ದುಂಡಗೆ ಮಾಡುತ್ತಾರೆ. ಒಬ್ಬರು ಸುತ್ತಿಗೆ ಗುರುತು ಅಳಿಸುತ್ತಾರೆ, ಒಬ್ಬರು ಉಳಿಸಿಕೊಳ್ಳುತ್ತಾರೆ. ನಾನು ಉಳಿಸಿಕೊಂಡವನು. ನನ್ನ ಬಳೆಗಳ ಮೇಲೆ ಇವತ್ತಿಗೂ ಅರ ಹಾಕುವುದಿಲ್ಲ. ಕೊನೆಯ ಪೆಟ್ಟು ಎಲ್ಲಿ ಬಿತ್ತೋ ಅದು ಹಾಗೇ ಇರುತ್ತದೆ.

ಹೊಸಕೈ

ನಾಲ್ಕು ತಿಂಗಳಿಂದ ಕಲಿಯುತ್ತಿದ್ದೇನೆ, ಒಬ್ಬಳೇ. ಬೆಸುಗೆ ಚೂರು ಇಟ್ಟು ಕಾಸಿದರೆ ಅದು ಹರಿಯುವುದೇ ಇಲ್ಲ. ಉಂಡೆಯಾಗಿ ಕೂರುತ್ತದೆ. ಇನ್ನೂ ಕಾಸಿದರೆ ಉಂಗುರವೇ ಕರಗುತ್ತದೆ. ಹನ್ನೆರಡು ಇರಲಿ, ಒಂದೂ ಆಗಿಲ್ಲ. ತಪ್ಪು ಎಲ್ಲಿ?

ಹಳೇಸುತ್ತಿಗೆ

ಜ್ವಾಲೆಯನ್ನು ಚೂರಿನ ಮೇಲೆ ಹಿಡಿಯುತ್ತಿದ್ದೀರಿ ಅಲ್ವಾ? ಎಲ್ಲರೂ ಹಾಗೇ ಮಾಡುತ್ತಾರೆ. ಚೂರು ಸಣ್ಣದು, ಬೇಗ ಕಾಯುತ್ತದೆ. ಉಂಗುರ ಇನ್ನೂ ತಣ್ಣಗಿರುತ್ತದೆ. ಬೆಸುಗೆ ಹರಿಯುವುದು ಬಿಸಿ ಇರುವ ಕಡೆಗೆ. ಉಂಗುರ ತಣ್ಣಗಿದ್ದರೆ ಅದಕ್ಕೆ ಹೋಗಲು ಜಾಗವೇ ಇಲ್ಲ, ಉಂಡೆ ಕಟ್ಟುತ್ತದೆ.

ಹೀಗೆ ಮಾಡಿ. ತುದಿಗಳನ್ನು ಮರಳು ಕಾಗದದಿಂದ ಉಜ್ಜಿ. ಬೆರಳು ಮುಟ್ಟಿಸಬೇಡಿ, ಜಿಡ್ಡಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಬಿಳಿಗಾರವನ್ನು ನೀರಲ್ಲಿ ತೇದು ಸಂದಿಗೆ ಹಚ್ಚಿ. ಚೂರನ್ನು ಸಂದಿಗೆ ಅಡ್ಡಲಾಗಿ, ಎರಡು ಕಡೆಗೂ ತಾಗುವಂತೆ ಇಡಿ. ಮೊದಲು ಜ್ವಾಲೆಯನ್ನು ದೂರದಲ್ಲಿ ಆಡಿಸಿ, ಬಿಳಿಗಾರದ ನೀರು ಆರಲಿ. ಅದು ಉಬ್ಬುತ್ತದೆ, ಆಮೇಲೆ ಗಾಜಿನ ಹಾಗೆ ಕೂರುತ್ತದೆ. ಈಗ ಸಂದಿಯ ಎದುರುಬದಿಯಿಂದ ಶುರು ಮಾಡಿ ಇಡೀ ಉಂಗುರ ಕಾಸಿ. ಉಂಗುರ ಮಂದ ಕೆಂಪಗಾದ ಮೇಲೆ ಸಂದಿಗೆ ಬನ್ನಿ. ಬೆಳ್ಳಿ ಬೆಸುಗೆಗಳು ಸಾಮಾನ್ಯವಾಗಿ 680ರಿಂದ 780 ಡಿಗ್ರಿಯೊಳಗೆ ಹರಿಯುತ್ತವೆ. ಆ ಕ್ಷಣ ಸಂದಿಯ ಉದ್ದಕ್ಕೂ ಒಂದು ಬೆಳ್ಳಿಗೆರೆ ಓಡುತ್ತದೆ. ಕಂಡ ತಕ್ಷಣ ಜ್ವಾಲೆ ತೆಗೆಯಿರಿ. ಇನ್ನೊಂದು ಸೆಕೆಂಡು ಅಂತ ಆಸೆ ಪಡಬೇಡಿ.

ಕೋಣೆಯ ದೀಪ ಸ್ವಲ್ಪ ಮಂದ ಮಾಡಿ. ಜೋರು ಬೆಳಕಲ್ಲಿ ಆ ಕೆಂಪು ಕಾಣಿಸುವುದೇ ಇಲ್ಲ.

ನೀಲಿಹರಳು

ನನ್ನ ದಾರಿ ಹರಳಿನಿಂದ ಬಂದದ್ದು. ಮತ್ತು ಒಂದು ದೊಡ್ಡ ತಪ್ಪಿನಿಂದ.

ಒಬ್ಬರು ತಮ್ಮ ಅಜ್ಜಿಯ ಓಪಲ್ ಉಂಗುರ ಕೊಟ್ಟಿದ್ದರು. ಹಿಂದೆ ಸಣ್ಣ ಬಿರುಕು, ಒಂದೇ ಒಂದು ಬೆಸುಗೆ ಸಾಕು. ಹರಳು ಬಿಚ್ಚಿದರೆ ಗೂಡಿನ ಗೋಡೆ ಹರಿದೀತು ಅಂತ ಹೆದರಿ, ಒದ್ದೆ ಬಟ್ಟೆ ಸುತ್ತಿ ಹಾಗೇ ಕಾಸಿದೆ. ಟಿಕ್ ಅಂತ ಒಂದು ಸದ್ದು. ಬಟ್ಟೆ ಬಿಚ್ಚಿದರೆ ಓಪಲ್ ಎರಡು ಹೋಳು. ಓಪಲ್ ಒಳಗೆ ನೀರು ಇರುತ್ತದೆ, ಕಾವು ತಡೆಯುವುದಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಆ ಹೆಂಗಸಿಗೆ ಹೇಳಲು ಫೋನ್ ಎತ್ತಿದಾಗ ಆದ ಸಂಕಟ ಈಗ ನೆನೆದರೂ ಹೊಟ್ಟೆ ಹಿಂಡುತ್ತದೆ. ಅವರು ಬೈಯಲಿಲ್ಲ. ಇವೆರಡು ಹೋಳಿಂದ ಏನಾದರೂ ಆಗುತ್ತದಾ ಅಂತಷ್ಟೇ ಕೇಳಿದರು.

ಮೂರು ವಾರ ಆ ಹೋಳುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಬಿರುಕು ಮುಚ್ಚಲು ಹೊರಟರೆ ಎಲ್ಲ ಸುಳ್ಳು ಅನ್ನಿಸುತ್ತಿತ್ತು. ಕೊನೆಗೆ ಎರಡೂ ಹೋಳುಗಳನ್ನು ಒಂದೇ ಗೂಡಿನಲ್ಲಿ, ನಡುವೆ ಕೂದಲೆಳೆ ಅಗಲದ ಬೆಳ್ಳಿ ಗೋಡೆ ಇಟ್ಟು ಕೂರಿಸಿದೆ. ಗೂಡಿನ ಬೆಸುಗೆಯೆಲ್ಲ ಮುಗಿದು, ತಣ್ಣಗಾಗಿ, ಮೆರುಗೂ ಕೊಟ್ಟ ಮೇಲೆಯೇ ಹರಳು ಒಳಗೆ ಹೋಯಿತು. ಆಮೇಲೆ ಗೋಡೆ ಒತ್ತುವುದು. ಮೊದಲು ಉತ್ತರ, ಆಮೇಲೆ ದಕ್ಷಿಣ, ಆಮೇಲೆ ಪೂರ್ವ, ಪಶ್ಚಿಮ. ಒಂದೇ ಕಡೆಯಿಂದ ಸುತ್ತುತ್ತಾ ಹೋದರೆ ಕೊನೆಗೆ ಗೋಡೆ ಒಂದು ಕಡೆ ಮಡಿಕೆ ಬೀಳುತ್ತದೆ. ಓಪಲ್ ಗಟ್ಟಿತನ ಮೋಸ್ ಅಳತೆಯಲ್ಲಿ 5.5ರಿಂದ 6.5. ಮಾಣಿಕ್ಯದ 9ರ ಮುಂದೆ ಅದು ಮೆತ್ತಗೇ. ಉಕ್ಕಿನ ಸಾಮಾನು ಜಾರಿದರೆ ಗೀರು ಖಂಡಿತ. ಅದಕ್ಕೇ ತುದಿಯನ್ನು ನುಣ್ಣಗೆ ಉಜ್ಜಿ ಇಟ್ಟುಕೊಳ್ಳುತ್ತೇನೆ.

ಅವರು ಉಂಗುರ ಹಾಕಿಕೊಂಡು ನಡುವಿನ ಆ ಗೆರೆಯ ಮೇಲೆ ಬೆರಳು ಆಡಿಸಿದರು. ಇವತ್ತಿನವರೆಗೂ ನಾನು ಮಾಡುತ್ತಿರುವುದು ಒಡೆದ, ಬಿರುಕಿರುವ ಹರಳಿನ ಒಡವೆಗಳನ್ನೇ.

ಕಾವು ಅಂದರೆ ಭಯ ಹುಟ್ಟಿದ್ದರಿಂದ ಬೆಸುಗೆ ಇಲ್ಲದ ಜೋಡಣೆಯ ಕಡೆಗೂ ತಿರುಗಿದೆ. ರಿವೆಟ್, ಮಡಿಕೆ, ಸುತ್ತಿದ ತಂತಿ. ತೂಗಾಡುವ ಶಿಲ್ಪಗಳಿಗೆ ಹೆಸರಾದ ಅಲೆಕ್ಸಾಂಡರ್ ಕಾಲ್ಡರ್ ಸುಮಾರು 1,800 ಒಡವೆ ಮಾಡಿದ್ದರು. ಹಿತ್ತಾಳೆ, ಬೆಳ್ಳಿ ತಂತಿಯನ್ನು ಬಡಿದು, ಸುರುಳಿ ಸುತ್ತಿ, ಹೆಚ್ಚಾಗಿ ಬೆಸುಗೆಯೇ ಇಲ್ಲದೆ. ಆ ಫೋಟೋಗಳನ್ನು ನೋಡಿದಾಗ ಬೆಸುಗೆ ಇಲ್ಲದೆಯೂ ಇಷ್ಟೆಲ್ಲ ಆಗುತ್ತದೆ ಅಂತ ಧೈರ್ಯ ಬಂತು.

ಬೆಳ್ಳಿಸುಕ್ಕು

ಆ ನಡುವಿನ ಗೋಡೆಯ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ಬರೆದದ್ದಕ್ಕೆ ಧನ್ಯವಾದ.

ಮೇಣದಬೆರಳು

ನಾನು ಮೇಣ ಕೆತ್ತುವವಳು. ಗಟ್ಟಿ ಮೇಣದಲ್ಲಿ ಕೆತ್ತಿ, ಸುತ್ತ ಅಚ್ಚಿನ ಹಿಟ್ಟು ಸುರಿದು, ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಬೆಳ್ಳಿ ಎರೆಯುವ ಕೆಲಸ. ಇಷ್ಟು ಕೆತ್ತಿದರೆ ಎಷ್ಟು ಬೆಳ್ಳಿ ಬೇಕು ಅನ್ನುವವರಿಗೆ: ಮೇಣದ ತೂಕದ ಹತ್ತು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಜೊತೆಗೆ ಎರಕದ ಕಾಲುವೆಗೆ ಒಂದಿಷ್ಟು.

ಕೆಲವರು ಎರಕದ ಒಡವೆ ಕೈಕೆಲಸವೇ ಅಲ್ಲ ಅನ್ನುತ್ತಾರೆ. ಇದು ನೋವು ಕೊಡುತ್ತದೆ. ಒಂದು ಎಲೆಯ ನರ ಕೆತ್ತಲು ನಾನು ಎರಡು ದಿನ ಕೂತಿರುತ್ತೇನೆ. ನನ್ನದೇ ಅನ್ನಿಸಿದ ಮೊದಲ ಒಡವೆ ಒಂದು ಪದಕ. ಕೆತ್ತುವಾಗ ಹೆಬ್ಬೆರಳ ಬಿಸಿಗೆ ಮೇಣ ಸ್ವಲ್ಪ ಮೆತ್ತಗಾಗಿ ಬೆರಳ ಗೆರೆ ಮೂಡಿತ್ತು. ಉಜ್ಜಿ ತೆಗೆಯಬೇಕಿತ್ತು, ತೆಗೆಯಲಿಲ್ಲ. ಬೆಳ್ಳಿಯಲ್ಲಿ ಒಂದೊಂದು ಗೆರೆಯೂ ಬಂತು.

ಹಳೇಸುತ್ತಿಗೆ

ಮೇಣದ ಕೆತ್ತನೆ ಕೈಕೆಲಸವೇ, ಅದರಲ್ಲಿ ಅನುಮಾನ ಇಲ್ಲ. ನನ್ನ ತಕರಾರು ಒಂದೇ. ಅದಕ್ಕೆ ರಬ್ಬರ್ ಅಚ್ಚು ತೆಗೆದು ಐನೂರು ಎರೆದು, ಐನೂರಕ್ಕೂ ಒಂದೇ ಒಂದು ಅಂತ ಹೆಸರು ಹಾಕಿದರೆ ಅದು ಕೊಳ್ಳುವವರಿಗೆ ಮಾಡುವ ಮೋಸ. ಎಷ್ಟು ಎರೆದಿದ್ದೇವೆ ಅಂತ ಹೇಳಿದರೆ ಮುಗಿಯಿತು.

ಮೇಣದಬೆರಳು

ಅದಕ್ಕೆ ನನ್ನದೂ ಒಪ್ಪಿಗೆ. ನಾನು ಅಚ್ಚು ತೆಗೆಯುವುದೇ ಇಲ್ಲ. ಎರಕ ಕೆಟ್ಟರೆ ಕೆತ್ತನೆಯೂ ಹೋಯಿತು. ಎರಡು ಸಲ ಹಾಗಾಗಿದೆ. ಮತ್ತೆ ಕೆತ್ತಿದರೆ ಅದೇ ಬರುವುದಿಲ್ಲ, ಬೇರೆಯೇ ಬರುತ್ತದೆ.

ಅರಪುಡಿ

ನಾನು ಮೊದಲು ಕೇಳಿದ ಪ್ರಶ್ನೆಗೆ ಈ ಮಾತುಗಳಲ್ಲೇ ಉತ್ತರ ಸಿಗುತ್ತಿದೆ. ಈಗ ನನ್ನದು ಹೇಳುತ್ತೇನೆ.

ನಾನು ಮಾಡುವುದು ರವೆ ಕೆಲಸ. ಚಿನ್ನದ ಸಣ್ಣ ಸಣ್ಣ ಗುಂಡುಗಳನ್ನು ತಗಡಿನ ಮೇಲೆ ಕೂರಿಸುವುದು. ಪ್ರಾಚೀನ ಇಟಲಿಯ ಎಟ್ರಸ್ಕನ್ ಜನ ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಕಾಲು ಮಿಲಿಮೀಟರಿಗಿಂತ ಸಣ್ಣ ಗುಂಡುಗಳಲ್ಲಿ ಇದನ್ನು ಮಾಡಿದ್ದಾರೆ. ಗುಂಡುಗಳ ನಡುವೆ ಬೆಸುಗೆ ತುಂಬಿಕೊಂಡಿಲ್ಲ, ಒಂದೊಂದೂ ಬೇರೆ ಬೇರೆ ನಿಂತಿದೆ. 19ನೇ ಶತಮಾನದಲ್ಲಿ ರೋಮ್‌ನ ಕಾಸ್ಟೆಲ್ಲಾನಿ ಮನೆತನದವರು ಇದನ್ನು ಮತ್ತೆ ತರಲು ವರ್ಷಗಟ್ಟಲೆ ಹೆಣಗಿದರು. ಹತ್ತಿರ ಬಂದರು, ಆದರೆ ಹಳಬರ ನವಿರು ಪೂರ್ತಿ ಸಿಗಲಿಲ್ಲ. 1933ರಲ್ಲಿ ಇಂಗ್ಲೆಂಡಿನ ಲಿಟಲ್‌ಡೇಲ್ ಅನ್ನುವವರು ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಅದರಲ್ಲಿ ಬೆಸುಗೆ ಚೂರೇ ಇಲ್ಲ. ತಾಮ್ರದ ಲವಣವನ್ನು ಅಂಟಿನಲ್ಲಿ ಕಲಸಿ ಗುಂಡು ಅಂಟಿಸುವುದು. ಕಾಸಿದಾಗ ಲವಣ ತಾಮ್ರದ ಆಕ್ಸೈಡಾಗುತ್ತದೆ, ಅಂಟು ಇದ್ದಿಲಾಗುತ್ತದೆ. ಆ ಇದ್ದಿಲು ತಾಮ್ರದ ಆಕ್ಸೈಡಿನಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಉಳಿದ ತಾಮ್ರ ಸುಮಾರು 890 ಡಿಗ್ರಿಯಲ್ಲಿ ಚಿನ್ನದ ಜೊತೆ ಬೆರೆತು, ಗುಂಡು ತಗಡಿಗೆ ತಾಗುವ ಆ ಚುಕ್ಕೆಯಲ್ಲಿ ಮಾತ್ರ ಹಿಡಿದುಕೊಳ್ಳುತ್ತದೆ.

ಗುಂಡು ಮಾಡುವುದು ಸುಲಭ. ಸಣ್ಣ ತಂತಿ ಚೂರನ್ನು ಇದ್ದಿಲ ಮೇಲಿಟ್ಟು ಕರಗಿಸಿದರೆ ತಾನೇ ದುಂಡಗಾಗುತ್ತದೆ. ಕೂರಿಸುವುದೇ ತಪಸ್ಸು. ಒದ್ದೆ ಕುಂಚದ ತುದಿಯಲ್ಲಿ ಒಂದೊಂದೇ ಎತ್ತಿ ಇಡಬೇಕು. ಜೋರಾಗಿ ಉಸಿರು ಬಿಟ್ಟರೆ ಸಾಲು ಚೆದುರುತ್ತದೆ.

ನಾನು ಮೂರು ವರ್ಷ ತ್ರಿಕೋನ, ನೇರ ಸಾಲು, ಹಳೆಯ ಮಾದರಿಗಳನ್ನೇ ಮಾಡಿದೆ. ಒಂದು ಕಿವಿಯೋಲೆ ಮಾಡುವಾಗ ಗುಂಡು ಸಾಲದೆ ಬಂತು. ಅರ್ಧ ಸಾಲಿಗೆ ನಿಲ್ಲಿಸಿ, ಮುಂದಿನದನ್ನು ವಿರಳವಾಗಿ ಬಿಡುತ್ತಾ ಹೋದೆ. ದಟ್ಟವಾಗಿ ಶುರುವಾಗಿ, ಕೊನೆಗೆ ಒಂದೇ ಒಂದು ಗುಂಡು ತಗಡಿನ ತುದಿಯಲ್ಲಿ. ಅದನ್ನು ನೋಡಿ ಉಸಿರು ಬಿಡಲು ಮರೆತಿದ್ದೆ. ನನ್ನದು ಅಂತ ಅಂದುಕೊಳ್ಳಲು ಧೈರ್ಯ ಇರಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಕಿರುಗೆಜ್ಜೆ

ಇದೆಲ್ಲ ಓದುವಾಗ ಆಸೆಯಾಗುತ್ತದೆ. ನನ್ನ ತೊಂದರೆ ಬೇರೆ. ಬರುವವರೆಲ್ಲ ಫೋಟೋ ತೋರಿಸಿ ಇದೇ ಬೇಕು ಅನ್ನುತ್ತಾರೆ. ಇನ್ನೊಬ್ಬರ ವಿನ್ಯಾಸ ನಕಲು ಮಾಡಲು ಮನಸ್ಸಿಲ್ಲ. ಬೇಡ ಅಂದರೆ ಕೆಲಸ ಇಲ್ಲ. ಏನು ಮಾಡುತ್ತೀರಿ?

ಬೆಳ್ಳಿಸುಕ್ಕು

ನಾನೂ ಇದರಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದೆ. ಈಗ ಫೋಟೋ ತೋರಿಸಿದರೆ ಒಂದು ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ನಿಮಗೆ ಇಷ್ಟವಾದದ್ದು ಯಾವುದು, ಬೆರಳಿಟ್ಟು ತೋರಿಸಿ. ಯಾರೂ ಇಡೀ ಒಡವೆ ತೋರಿಸುವುದಿಲ್ಲ. ಹರಳಿನ ಬಣ್ಣ ಇರುತ್ತದೆ, ಅಗಲ ಇರುತ್ತದೆ, ಕುತ್ತಿಗೆಯಲ್ಲಿ ಎಲ್ಲಿ ಕೂರುತ್ತದೆ ಅನ್ನುವುದು ಇರುತ್ತದೆ. ಅದೊಂದನ್ನು ಇಟ್ಟುಕೊಂಡು ನಾನು ಬೇರೆ ಬರೆಯುತ್ತೇನೆ. ತಾಮ್ರದಲ್ಲಿ ಒಂದು ಮಾದರಿ ಬೇಗ ಮಾಡಿ ಕೈಗೆ ಕೊಡುತ್ತೇನೆ. ಕೈಯಲ್ಲಿ ಹಿಡಿದ ಮೇಲೆ ಫೋಟೋ ಮರೆತವರೇ ಜಾಸ್ತಿ. ಮರೆಯದವರೂ ಇದ್ದಾರೆ. ಅವರಿಗೆ ಆ ಫೋಟೋದ ಒಡವೆ ಮಾಡಿದವರನ್ನೇ ಹುಡುಕಿ ಅಂತ ಹೇಳಿ ಕಳಿಸುತ್ತೇನೆ. ಮೊದಲ ವರ್ಷ ಕಷ್ಟವಾಯಿತು, ಅದು ನಿಜ.

ಉಸಿರುಜೋಪಾನ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಹೊಸಬರು ಓದುತ್ತಿರುವುದರಿಂದ ಹೇಳಲೇಬೇಕು. ಹಳೆಯ ಬೆಸುಗೆ ತಗಡು ಯಾರಾದರೂ ಕೊಟ್ಟರೆ ಅದರಲ್ಲಿ ಕ್ಯಾಡ್ಮಿಯಂ ಅನ್ನುವ ಲೋಹ ಇದೆಯಾ ಅಂತ ಕೇಳಿ. ಗೊತ್ತಿಲ್ಲ ಅಂದರೆ ಮುಟ್ಟಬೇಡಿ. ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಕುದಿಯುತ್ತದೆ, ಅಂದರೆ ನಾವು ಬೆಸೆಯುವ ಕಾವಿನಲ್ಲೇ. ಆ ಹೊಗೆ ಶ್ವಾಸಕೋಶಕ್ಕೆ ವಿಷ. ಆಮ್ಲದ ನೀರಿಗೆ ಕಬ್ಬಿಣದ ಚಿಮಟ ಹಾಕಬೇಡಿ, ಬೆಳ್ಳಿಯ ಮೇಲೆಲ್ಲ ತಾಮ್ರ ಕೂರುತ್ತದೆ. ಮತ್ತೆ ಮೆರುಗಿನ ಚಕ್ರಕ್ಕೆ ಸರಪಳಿಯನ್ನು ಬರಿಗೈಯಲ್ಲಿ ಯಾವತ್ತೂ ಹಿಡಿಯಬೇಡಿ. ಚಕ್ರ ಅದನ್ನು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ. ನನ್ನ ಜೊತೆ ಕಲಿಯುತ್ತಿದ್ದವರಿಗೆ ಹಾಗಾದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಕೂದಲು ಕಟ್ಟಿ, ತೋಳು ಮಡಚಿ.

ಹೊಸಕೈ

ಮೂರು ವಾರದ ಮೇಲೆ ಬಂದಿದ್ದೇನೆ. ಹಳೇಸುತ್ತಿಗೆ ಅವರೇ, ಎದುರುಬದಿಯಿಂದ ಕಾಸಿದೆ. ದೀಪ ಮಂದ ಮಾಡಿದೆ. ಆ ಬೆಳ್ಳಿಗೆರೆ ಓಡಿತು! ನಾನು ಕೂಗಿಕೊಂಡೆ, ಪಕ್ಕದ ಕೋಣೆಯವರು ಓಡಿ ಬಂದರು.

ಒಂದೇ ಅಳತೆಯಲ್ಲಿ ಹನ್ನೆರಡು ಅಂದಾಗ ಬೇಸರವಾಗುತ್ತದೆ ಅಂದುಕೊಂಡಿದ್ದೆ. ನಾಲ್ಕನೆಯದರವರೆಗೆ ಆಯಿತು ಕೂಡ. ಐದನೆಯದರಿಂದ ಬೇಸರ ಹೋಯಿತು. ಈಗ ಹನ್ನೊಂದು ಆಗಿವೆ. ಮೂರರಲ್ಲಿ ಸಂದು ಕಾಣಿಸುತ್ತದೆ, ಎಂಟರಲ್ಲಿ ನನಗೇ ಹುಡುಕಲು ಆಗುತ್ತಿಲ್ಲ.

ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಐದನೆಯದರಿಂದ ಮುಂದಕ್ಕೆ ಎಲ್ಲ ಉಂಗುರಗಳಲ್ಲೂ ಒಂದೇ ಕಡೆಯ ಅಂಚನ್ನು ಜಾಸ್ತಿ ಅರ ಹಾಕಿ ಇಳಿಜಾರು ಮಾಡಿದ್ದೇನೆ. ಯಾರೂ ಹೇಳಿಲ್ಲ. ಯಾಕೆ ಮಾಡಿದೆ ಅಂತಲೂ ಗೊತ್ತಿಲ್ಲ. ಎಲ್ಲದರಲ್ಲೂ ಅದೇ ಕಡೆ. ಎರಡು ಉಂಗುರ ಒಟ್ಟಿಗೆ ಹಾಕಿಕೊಂಡರೆ ನಡುವೆ ಒಂದು ಸಣ್ಣ ಕಣಿವೆ ಥರ ಕಾಣುತ್ತದೆ. ಇದು ತಪ್ಪಾ? ಹನ್ನೆರಡನೆಯದರಲ್ಲಿ ಸರಿ ಮಾಡಲಾ?

ಹಳೇಸುತ್ತಿಗೆ

ಮುಟ್ಟಬೇಡಿ. ಹನ್ನೆರಡನೆಯದನ್ನೂ ಹಾಗೇ ಮಾಡಿ. ಈ ಸಲ ಇಳಿಜಾರು ಎಷ್ಟು ಅಂತ ಅಳೆದು ಬರೆದುಕೊಳ್ಳಿ.

ಬೆಳ್ಳಿಸುಕ್ಕು

ಹೊಸಕೈ, ಆ ಕಣಿವೆಯ ಫೋಟೋ ಹಾಕಿ. ಕಿಟಕಿಯ ಬೆಳಕಲ್ಲಿ, ಹತ್ತಿರದಿಂದ.